ಕಂತು ತಿಂಗಳಿಗೊಮ್ಮೆ, ಶೇಂಗಾ ವರ್ಷಕ್ಕೊಮ್ಮೆ

ನಮ್ಮ ಮನೆ ಮುಂದೆ ಬೇವಿನ ಮರದ ಕೆಳಗೆ ಒಂದು ಬಿಳಿ ಮಾರುತಿ ಓಮ್ನಿ ನಿಂತಿದೆ. 2003ರ ಮಾಡೆಲ್ಲು. ನಾನು ತಗೊಂಡದ್ದು 2008ರಲ್ಲಿ, ಸೆಕೆಂಡ್ ಹ್ಯಾಂಡು. ನಮ್ಮ ಕೈಗೆ ಬಂದು ಹದಿನೇಳು ವರ್ಷ ದಾಟಿತು. ಇದರ ವಿಷಯ ರೈತರ ಪತ್ರಿಕೆಯಲ್ಲಿ ಬರೆಯುವಂಥದ್ದೇನಿದೆ ಅಂತ ಕೆಲವರಿಗೆ ಅನ್ನಿಸಬಹುದು. ನಾವು ಕೂರಿಗೆ ಬಗ್ಗೆ ಬರೆಯುತ್ತೇವೆ, ಸ್ಪ್ರೇಯರ್ ಬಗ್ಗೆ ಬರೆಯುತ್ತೇವೆ, ಬೋರ್‌ವೆಲ್ ಬತ್ತಿದ್ದನ್ನು ಬರೆಯುತ್ತೇವೆ. ಮನೆ ಮುಂದಿನ ಕಾರಿನ ಲೆಕ್ಕ ಮಾತ್ರ ಯಾರೂ ಬರೆಯುವುದಿಲ್ಲ. ನಮ್ಮೂರಲ್ಲಿ ಕಳೆದ ಐದಾರು ವರ್ಷದಲ್ಲಿ ಜಮೀನು ಮಾರಿದ ಮೂರು ಮನೆ ನನಗೆ ಗೊತ್ತು. ಅದರಲ್ಲಿ ಎರಡು ಮನೆಯಲ್ಲಿ ಕಾರಣ ಬೆಳೆಯಲ್ಲ, ಕಾರು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಚಳ್ಳಕೆರೆ ತಾಲ್ಲೂಕು. ವರ್ಷಕ್ಕೆ ಐನೂರು ಮಿಲಿಮೀಟರು ಮಳೆ ಬಿದ್ದರೆ ಒಳ್ಳೆ ವರ್ಷ ಅನ್ನುವ ಸೀಮೆ. ಎಂಟು ಎಕರೆ ಕೆಂಪು ಮಸಾರಿ ಭೂಮಿ. ಐದು ಎಕರೆ ಶೇಂಗಾ, ನಡುನಡುವೆ ತೊಗರಿ ಸಾಲು, ಉಳಿದದ್ದರಲ್ಲಿ ಸಜ್ಜೆ, ಈಗೀಗ ಸ್ವಲ್ಪ ಮೆಕ್ಕೆಜೋಳ. ಒಂದಿಷ್ಟು ಕುರಿ, ಬದುವಿನ ಮೇಲೆ ಆರು ಹುಣಸೆ ಮರ. ಊರಿಂದ ಚಳ್ಳಕೆರೆಗೆ 18 ಕಿಲೋಮೀಟರು. ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು. ಸಂಜೆಯದು ಬಂದರೆ ಬಂತು.

ಮಾತು ಎದ್ದದ್ದು 2025ರ ದೀಪಾವಳಿ ಹೊತ್ತಿಗೆ. ಆ ವರ್ಷ ಸೆಪ್ಟೆಂಬರ್ 22ರಿಂದ ಚಿಕ್ಕ ಕಾರುಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿಯಿತಲ್ಲ, ಊರಲ್ಲೆಲ್ಲ ಅದೇ ಮಾತು. ನನ್ನ ಚಿಕ್ಕ ಮಗ, ನನ್ನ ಜೊತೆ ಜಮೀನು ನೋಡಿಕೊಂಡಿರುವವನು, ಒಂದು ದಿನ ಶೇಂಗಾ ಬಿಡಿಸುತ್ತಾ ಕೂತಾಗ ಬಾಯಿ ಬಿಟ್ಟ.

"ಅಪ್ಪಾ, ಟ್ಯಾಕ್ಸು ಇಳಿದೈತೆ. ಇಂಥ ಟೈಮು ಮತ್ತೆ ಬರಲ್ಲ. ಹೊಸ ಕಾರು ತಗಂಡ್ಬಿಡಾನ."

"ಈಗ ಇರಾದು ಓಡ್ತೈತಲ್ಲೋ?"

"ಓಡ್ತೈತೆ. ಆದ್ರೆ ಅದ್ರಾಗೆ ಹೆಣ್ಣು ನೋಡಾಕೆ ಹೋದ್ರೆ ಕಾಫಿ ಕೊಟ್ಟು ಕಳಿಸ್ತಾರೆ, ಅಷ್ಟೆ."

ಈ ಮಾತಿಗೆ ನನಗೆ ಥಟ್ಟನೆ ಉತ್ತರ ಬರಲಿಲ್ಲ. ಅವನಿಗೆ ಮೂವತ್ತೊಂದು ವರ್ಷ. ಇಲ್ಲಿಯವರೆಗೆ ಏಳು ಕಡೆ ಹೆಣ್ಣು ನೋಡಿದ್ದೇವೆ. ಹುಡುಗ ಒಳ್ಳೆಯವನು, ಕುಡಿಯಲ್ಲ, ದುಡಿಯುತ್ತಾನೆ ಅಂತ ಎಲ್ಲರೂ ಹೇಳುತ್ತಾರೆ. ಕೊನೆಗೆ "ವ್ಯವಸಾಯ ಅಂದ್ರೆ ನಮ್ಮ ಹುಡುಗಿ ಒಪ್ಪಲ್ಲ" ಅಂತ ಫೋನು ಬರುತ್ತದೆ. ಇದು ನಮ್ಮ ಮನೆಯೊಂದರ ಕಥೆಯಲ್ಲ. 2023ರ ಫೆಬ್ರವರಿಯಲ್ಲಿ ಮಂಡ್ಯ ಕಡೆಯ ಮದುವೆಯಾಗದ ರೈತ ಹುಡುಗರು ಹೆಣ್ಣು ಸಿಗಲಿ ಅಂತ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದದ್ದನ್ನು ನೀವೂ ಓದಿರಬೇಕು. ಓದಿ ಎಷ್ಟೋ ಜನ ನಕ್ಕರು. ಗಂಡು ಮಕ್ಕಳಿರುವ ರೈತರ ಮನೆಯಲ್ಲಿ ಯಾರೂ ನಗಲಿಲ್ಲ.

ಅವನು ಕೇಳಿದ್ದು ಶೋಕಿಗೆ ಅಂತ ನಾನು ಹೇಳುವುದಿಲ್ಲ. ಆದರೂ ನಾನು ಬೇಡ ಅಂದೆ. ಯಾಕೆ ಬೇಡ ಅಂದೆ ಅನ್ನುವುದನ್ನು ಹೇಳಬೇಕಾದರೆ ಓಮ್ನಿ ಬಂದ ಕಥೆಯಿಂದ ಶುರು ಮಾಡಬೇಕು.

2007ರ ಏಪ್ರಿಲ್. ನಮ್ಮ ತಂದೆಯವರಿಗೆ ರಾತ್ರಿ ಹನ್ನೊಂದು ಗಂಟೆಗೆ ಎದೆನೋವು ಬಂತು. ಊರಿಗೆ ಇದ್ದದ್ದು ಒಂದೇ ಟ್ರ್ಯಾಕ್ಸು, ಅದು ಮದುವೆ ದಿಬ್ಬಣ ಹೊತ್ತುಕೊಂಡು ಹೋಗಿತ್ತು. 108 ಆಂಬುಲೆನ್ಸ್ ಆಗ ಇನ್ನೂ ಬಂದಿರಲಿಲ್ಲ, ಅದು ನಮ್ಮ ರಾಜ್ಯಕ್ಕೆ ಬಂದದ್ದು 2008ರ ಕೊನೆಗೆ. ಎತ್ತಿನ ಗಾಡಿಗೆ ಹುಲ್ಲು ಹಾಕಿ ಮಲಗಿಸಿಕೊಂಡು ನಾಲ್ಕು ಕಿಲೋಮೀಟರು ದೂರದ ಟಾರು ರಸ್ತೆಗೆ ಬಂದೆವು. ಅಲ್ಲಿ ಒಂದು ಗಂಟೆ ಕಾದು ಲಾರಿ ಹತ್ತಿಸಿದೆವು. ಚಳ್ಳಕೆರೆ ಮುಟ್ಟುವುದರೊಳಗೆ ಎಲ್ಲಾ ಮುಗಿದಿತ್ತು. ಬೇಗ ಹೋಗಿದ್ದರೆ ಉಳಿಯುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೆ ಆ ರಸ್ತೆ ಬದಿಯಲ್ಲಿ ಕೂತ ಒಂದು ಗಂಟೆ ನನ್ನ ತಲೆಯಿಂದ ಹೋಗಲಿಲ್ಲ.

ಮರುವರ್ಷ ಹುಣಸೆ ಚೆನ್ನಾಗಿ ಕಾಯಿ ಕಟ್ಟಿತು. ಅದರ ದುಡ್ಡಿಗೆ ಮೂವತ್ತು ಕುರಿ ಮಾರಿದ ದುಡ್ಡು ಸೇರಿಸಿ 98,000 ರೂಪಾಯಿಗೆ ಈ ಓಮ್ನಿ ತಂದೆ. ಸಾಲ ಇಲ್ಲ. ಕುರಿ ಹೋದವು ಅಂತ ನಮ್ಮ ಮನೆಯವಳು ಎರಡು ದಿನ ಮಾತು ಬಿಟ್ಟಿದ್ದಳು ಅನ್ನಿ. ಮೂರನೇ ದಿನ ಅವಳೇ ಅರಿಶಿನ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಳು.

ಆಗ ಮಾರುತಿ 800 ಕೂಡ ಅದೇ ಬೆಲೆಗೆ ಸಿಗುತ್ತಿತ್ತು. ಎರಡಕ್ಕೂ ಮೂರು ಸಿಲಿಂಡರಿನ 796 ಸಿಸಿ ಎಂಜಿನ್ನೇ. ನಾನು ಓಮ್ನಿ ಆರಿಸಿದ್ದಕ್ಕೆ ಕಾರಣ ಹಿಂದಿನ ಜಾಗ. ಸೀಟು ಕಳಚಿದರೆ ಎಂಟು ಚೀಲ ಶೇಂಗಾ ಕೂರುತ್ತದೆ. ಬಾಗಿಲು ಪಕ್ಕಕ್ಕೆ ಜಾರುವುದರಿಂದ ಸಂತೆಯ ಇಕ್ಕಟ್ಟಿನಲ್ಲೂ ಚೀಲ ಇಳಿಸಬಹುದು. ಮಲಗಿಸಿಕೊಂಡು ಹೋಗಬೇಕಾದ ಮನುಷ್ಯನನ್ನು ಹಾಗೇ ಪಕ್ಕದಿಂದ ಒಳಗೆ ಇಡಬಹುದು. ಈ ಕೊನೆಯದನ್ನು ನಾನು ಮಾರುವವನ ಎದುರಿಗೇ ಚಾಪೆ ಹಾಸಿ ನೋಡಿದೆ. ಅವನು ನಕ್ಕ.

ಆ ಚಾಪೆ 2011ರಲ್ಲಿ ಉಪಯೋಗಕ್ಕೆ ಬಂತು. ಶೇಂಗಾ ಬಣವೆ ಹತ್ತಿರ ಪಕ್ಕದ ಮನೆಯ ಹುಡುಗಿಗೆ ಕೊಳಕುಮಂಡಲ ಕಚ್ಚಿತು. ಹದಿನಾರು ವರ್ಷದ ಹುಡುಗಿ. ಸಂಜೆ ಏಳೂವರೆ. ಅವಳ ಅಜ್ಜಿ ಮಂತ್ರ ಹಾಕಿಸಬೇಕು ಅಂತ ಹಟ ಹಿಡಿದಿದ್ದರು. "ಅಜ್ಜೀ, ಮಂತ್ರ ದಾರಿಯಾಗೆ ಹೇಳ್ಕಳಾನ, ನೀನೂ ಹತ್ತು" ಅಂತ ಹೇಳಿ ಅವರನ್ನೂ ಕೂರಿಸಿಕೊಂಡು ಹೊರಟೆ. ಚಳ್ಳಕೆರೆ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು ದುರ್ಗದ ಜಿಲ್ಲಾ ಆಸ್ಪತ್ರೆಗೆ ಕಳಿಸಿದರು. ಅಲ್ಲಿಂದ ಇನ್ನೂ ಮೂವತ್ತು ಕಿಲೋಮೀಟರು. ಹುಡುಗಿ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಳು. ಆ ರಾತ್ರಿಯ ಪೆಟ್ರೋಲು ಲೆಕ್ಕದ ಪುಸ್ತಕದಲ್ಲಿ 310 ರೂಪಾಯಿ ಅಂತ ಇದೆ. ಅವರು ಕೊಡಲು ಬಂದರು, ನಾನು ತಗೊಳ್ಳಲಿಲ್ಲ. ಹಾಗಂತ ಎಲ್ಲರ ಹತ್ತಿರವೂ ತಗೊಂಡಿಲ್ಲ ಅಂತಲ್ಲ. ಆಸ್ಪತ್ರೆಗೆ ಬಿಟ್ಟರೆ ಬೇರೆಯದಕ್ಕೆಲ್ಲ ಪೆಟ್ರೋಲು ಹಾಕಿಸಿ ಅಂತ ಮುಖ ನೋಡದೆ ಕೇಳಿದ್ದೇನೆ.

ಬಾಡಿಗೆ ಮಾತ್ರ ಹೊಡೆದಿಲ್ಲ. ಇದು ಬಿಳಿ ಬೋರ್ಡಿನ ಗಾಡಿ. ಬಾಡಿಗೆಗೆ ಹೋಗಿ ಏನಾದರೂ ಆದರೆ ವಿಮೆಯವರು ಕೈ ಎತ್ತುತ್ತಾರೆ. ಹಳ್ಳಿಯಲ್ಲಿ ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ, ಗೊತ್ತಿದ್ದವರು ಗೊತ್ತಿಲ್ಲದ ಹಾಗೆ ಇರುತ್ತಾರೆ.

ಗಾಡಿ ಹಾಳಾದದ್ದೆಲ್ಲ ಬಹುಪಾಲು ನನ್ನ ದಡ್ಡತನದಿಂದಲೇ. ಮೊದಲನೆಯದು ನೀರು. ನಮ್ಮ ಬೋರ್‌ವೆಲ್ ನೀರು ಎಂಥದ್ದು ಅಂದರೆ ಪಾತ್ರೆಯಲ್ಲಿ ಕಾಯಿಸಿದರೆ ತಳದಲ್ಲಿ ಸುಣ್ಣ ಕೂರುತ್ತದೆ. ಅದನ್ನೇ ಎಂಟು ವರ್ಷ ರೇಡಿಯೇಟರಿಗೆ ಸುರಿದೆ. ಕೂಲೆಂಟ್ ಅಂತ ಮೆಕ್ಯಾನಿಕ್ ಹೇಳಿದಾಗ ನೀರಿಗೂ ದುಡ್ಡು ಕೊಡಬೇಕಾ ಅಂತ ಬೈದಿದ್ದೆ. 2016ರ ಬೇಸಿಗೆಯಲ್ಲಿ ಸಾಣಿಕೆರೆ ಹತ್ತಿರ ಎಂಜಿನ್ ಕುದಿದು ನಿಂತಿತು. ರೇಡಿಯೇಟರ್ ಒಳಗೆಲ್ಲ ಸುಣ್ಣ ಕಟ್ಟಿತ್ತು. ಎಂಜಿನ್ ಬಿಚ್ಚಿ ಮಾಡಿಸಿದ್ದಕ್ಕೆ 28,000 ಆಯಿತು. ಎಂಟು ವರ್ಷದ ಕೂಲೆಂಟಿಗೆ ನಾಲ್ಕು ಸಾವಿರವೂ ಆಗುತ್ತಿರಲಿಲ್ಲ. ಅದೇ ನೀರನ್ನು ನಾವು ಕುಡಿಯುತ್ತಿದ್ದೇವಲ್ಲ ಅಂತ ಅವತ್ತು ಯೋಚನೆ ಬಂತು. ಮರುವರ್ಷ ಮನೆ ಮಾಳಿಗೆಯ ಮಳೆನೀರಿಗೆ ತೊಟ್ಟಿ ಕಟ್ಟಿಸಿದೆ. ಒಂದು ಲೆಕ್ಕದಲ್ಲಿ ಆ ತೊಟ್ಟಿ ಓಮ್ನಿ ಕೊಟ್ಟದ್ದು.

ಎರಡನೆಯದು ಇಲಿ. ಶೇಂಗಾ ಹೊತ್ತ ಗಾಡಿಯಲ್ಲಿ ಸಂದಿಗೊಂದಿಯಲ್ಲಿ ಕಾಯಿ ಉಳಿದೇ ಉಳಿಯುತ್ತದೆ. ಕಾಯಿಗೆ ಇಲಿ ಬರುತ್ತದೆ, ಬಂದದ್ದು ಕಾಯಿ ತಿಂದು ಸುಮ್ಮನಿರದೆ ವೈರು ಕಡಿಯುತ್ತದೆ. ಎರಡು ಸಲ ವೈರಿಂಗ್ ಮಾಡಿಸಿದ ಮೇಲೆ ಬುದ್ಧಿ ಬಂತು. ಈಗ ಚೀಲ ಇಳಿಸಿದ ದಿನವೇ ಮ್ಯಾಟು ತೆಗೆದು ಗುಡಿಸಿ, ರಾತ್ರಿ ಎಂಜಿನ್ ಹತ್ತಿರ ಹೊಗೆಸೊಪ್ಪಿನ ಕಡ್ಡಿ ಇಡುತ್ತೇವೆ. ಕಡ್ಡಿಗಿಂತ ಗುಡಿಸುವುದೇ ಮುಖ್ಯ ಅಂತ ನನ್ನ ಅನುಭವ.

ತುಕ್ಕಿನ ಬಗ್ಗೆ ಒಂದು ಮಾತು. ಕುರಿಮರಿ ಹಾಕಿಕೊಂಡು ಹೋದರೆ ಉಚ್ಚೆ ತಳಕ್ಕೆ ಇಳಿದು ತಗಡು ತಿನ್ನುತ್ತದೆ. 2019ರಲ್ಲಿ ತಳದ ತಗಡು ಹೊಸದು ಹಾಕಿಸಬೇಕಾಯಿತು. ಓಮ್ನಿ ತಯಾರಿಕೆ ನಿಂತದ್ದೂ ಅದೇ ವರ್ಷ. ಆದರೂ ಬಿಡಿಭಾಗ ಚಳ್ಳಕೆರೆಯಲ್ಲೇ ಇವತ್ತಿಗೂ ಸಿಗುತ್ತದೆ. 1984ರಿಂದ ಮೂವತ್ತೈದು ವರ್ಷ ಹೆಚ್ಚೂಕಡಿಮೆ ಒಂದೇ ತರಹ ಬಂದ ಗಾಡಿ, ಇದನ್ನು ಬಿಚ್ಚಲು ಬಾರದ ಮೆಕ್ಯಾನಿಕ್ಕೇ ಇಲ್ಲ. ಕಂಪ್ಯೂಟರ್ ಹಚ್ಚಿ ನೋಡಬೇಕು ಅಂತ ನನಗೆ ಯಾರೂ ಇಲ್ಲಿಯವರೆಗೆ ಹೇಳಿಲ್ಲ.

ಇನ್ನೊಂದು ತಪ್ಪು ಬರೆಯಲು ಮನಸ್ಸಿಲ್ಲ, ಆದರೂ ಬರೆಯುತ್ತೇನೆ. ಇದು ಎಂಟು ಸೀಟಿನ ಗಾಡಿ. 2014ರಲ್ಲಿ ನಮ್ಮ ಷಡ್ಡಕನ ಮಗಳ ಮದುವೆಗೆ ಹದಿಮೂರು ಜನ ಹತ್ತಿದೆವು, ಮೇಲೆ ಪಾತ್ರೆ ಸಾಮಾನು ಬೇರೆ. ಟಯರು ಸವೆದಿತ್ತು, ಮುಂದಿನ ತಿಂಗಳು ಹಾಕಿಸೋಣ ಅಂತಿದ್ದೆ. ಹಿಂದಿನ ಎಡಗಡೆ ಟಯರು ಸಿಡಿದು ಗಾಡಿ ಪಕ್ಕಕ್ಕೆ ಮಗುಚಿತು. ಪುಣ್ಯಕ್ಕೆ ನಿಧಾನ ಹೋಗುತ್ತಿದ್ದೆ. ನಮ್ಮ ನಾದಿನಿಯ ಕೈ ಮುರಿಯಿತು, ಉಳಿದವರಿಗೆ ತರಚು ಗಾಯ. ಆ ಕೈ ಇವತ್ತಿಗೂ ಪೂರ್ತಿ ಮೇಲೆ ಏಳುವುದಿಲ್ಲ. ಹಬ್ಬಕ್ಕೆ ಬಂದಾಗ ಅವಳು ಒಂದೇ ಕೈಯಲ್ಲಿ ಜಡೆ ಕಟ್ಟಿಕೊಳ್ಳಲು ಒದ್ದಾಡುವುದನ್ನು ನೋಡಿದರೆ ನಾನು ಎದ್ದು ಹೊರಗೆ ಹೋಗುತ್ತೇನೆ. ಅವತ್ತಿನಿಂದ ಎಂಟಕ್ಕೆ ಒಂಬತ್ತನೆಯವರನ್ನು ಹತ್ತಿಸಿಲ್ಲ. ಬೇಜಾರು ಮಾಡಿಕೊಂಡವರು ಮಾಡಿಕೊಳ್ಳಲಿ.

ಲೆಕ್ಕದ ಪುಸ್ತಕ ಅಂದೆನಲ್ಲ. ನಾನು ಓದಿದ್ದು ಏಳನೇ ಕ್ಲಾಸು. ಕೂಡುವುದು ಕಳೆಯುವುದು ಬರುತ್ತದೆ. ಗಾಡಿ ಬಂದ ದಿನದಿಂದ ನೂರು ಹಾಳೆಯ ಪುಸ್ತಕ ಇಟ್ಟಿದ್ದೇನೆ, ಈಗ ಮೂರನೆಯದು ನಡೆಯುತ್ತಿದೆ. ಮಗ ಹೊಸ ಕಾರಿನ ಮಾತೆತ್ತಿದ ಮೇಲೆ ಎರಡು ರಾತ್ರಿ ಕೂತು ಎಲ್ಲಾ ಕೂಡಿದೆ.

ನಾನು ತಂದಾಗ ಮೀಟರು 41,000 ಓಡಿತ್ತು. ಈಗ 1,73,000. ಅಂದರೆ ನಮ್ಮ ಕೈಯಲ್ಲಿ 1,32,000 ಕಿಲೋಮೀಟರು. ಗಾಡಿಯ ಬೆಲೆ 98,000. ರಿಪೇರಿ, ಟಯರು, ಬ್ಯಾಟರಿ, ಎಂಜಿನ್ ಕೆಲಸ ಎಲ್ಲಾ ಸೇರಿ 2,14,000. ವಿಮೆ, ಹೊಗೆ ಪರೀಕ್ಷೆ, ಸರ್ಕಾರಿ ಶುಲ್ಕ 48,000. ಪೆಟ್ರೋಲಿಗೆ ಸುಮಾರು 7,10,000. ತಂದಾಗ ಲೀಟರು ಐವತ್ತು ಚಿಲ್ಲರೆ ಇತ್ತು, ಈಗ ನೂರು ದಾಟಿ ಎಷ್ಟೋ ದಿನ ಆಯಿತು. ಒಟ್ಟು 10,70,000. ಹತ್ತು ಲಕ್ಷದ ಮೇಲೆ! ಕೂಡಿದ ಮೇಲೆ ನನಗೇ ನಂಬಿಕೆ ಬರಲಿಲ್ಲ, ಮತ್ತೊಂದು ಸಲ ಕೂಡಿದೆ. ಕಿಲೋಮೀಟರಿಗೆ ಎಂಟು ರೂಪಾಯಿ ಹತ್ತು ಪೈಸೆ ಬೀಳುತ್ತದೆ.

ಹಳೆ ಗಾಡಿ ಅಗ್ಗ ಅಂದುಕೊಂಡವರಿಗೆ ಇದನ್ನೇ ಹೇಳಬೇಕಾಗಿರುವುದು. ತಂದ ಬೆಲೆ ಒಟ್ಟು ಖರ್ಚಿನಲ್ಲಿ ಹತ್ತರಲ್ಲಿ ಒಂದು ಪಾಲೂ ಇಲ್ಲ. ಎಮ್ಮೆ ಹಾಗೆ ಅದು, ಕೊಳ್ಳುವುದು ಒಂದು ದಿನ, ಮೇವು ಹಾಕುವುದು ದಿನಾ. ಆದರೆ ಈ ಹತ್ತು ಲಕ್ಷವನ್ನು ನಾನು ಹದಿನೇಳು ವರ್ಷದಲ್ಲಿ ನನ್ನ ಕೈಯಲ್ಲಿ ಇದ್ದಾಗ ಖರ್ಚು ಮಾಡಿದೆ. ಇಲ್ಲದಾಗ ಗಾಡಿ ನಿಲ್ಲಿಸಿದೆ. 2023ರಲ್ಲಿ ಬರ ಬಂದು ರಾಜ್ಯದ 223 ತಾಲ್ಲೂಕು ಬರಪೀಡಿತ ಅಂತ ಘೋಷಣೆ ಆಯಿತಲ್ಲ, ಆ ವರ್ಷ ನಮ್ಮ ಪುಸ್ತಕದಲ್ಲಿ ಬರೀ 2,900 ಕಿಲೋಮೀಟರು ಇದೆ. ಗಾಡಿ ಬೇವಿನ ಮರದ ಕೆಳಗೆ ಸುಮ್ಮನೆ ನಿಂತಿತ್ತು. ನಿಂತ ಗಾಡಿ ಏನೂ ಕೇಳಲಿಲ್ಲ. ಅದರ ಹಿಂದಿನ ವರ್ಷ, 2022ರ ಸೆಪ್ಟೆಂಬರಿನಲ್ಲಿ, ವಾಣಿವಿಲಾಸ ಸಾಗರ 89 ವರ್ಷದ ಮೇಲೆ ಕೋಡಿ ಬಿದ್ದಾಗ ನಮ್ಮ ಮನೆಯವರನ್ನು, ಪಕ್ಕದ ಮನೆಯ ಅಜ್ಜಿಯನ್ನು ಕೂರಿಸಿಕೊಂಡು ಎರಡು ಸಲ ನೋಡಿಕೊಂಡು ಬಂದೆವು. ದುಡ್ಡು ಇದ್ದ ವರ್ಷ ಅದು.

ಈಗ ಮಗನ ಲೆಕ್ಕಕ್ಕೆ ಬರೋಣ. ಅವನು ನೋಡಿದ ಕಾರು ರಸ್ತೆಗೆ ಬರುವಷ್ಟರಲ್ಲಿ ಎಂಟೂವರೆ ಲಕ್ಷ. ಒಂದೂವರೆ ಲಕ್ಷ ಕೈಯಿಂದ, ಏಳು ಲಕ್ಷ ಸಾಲ. ಬಡ್ಡಿ ಒಂಬತ್ತೂವರೆ. ಏಳು ವರ್ಷಕ್ಕೆ ತಿಂಗಳ ಕಂತು 11,440 ರೂಪಾಯಿ. ಎಂಬತ್ತನಾಲ್ಕು ಕಂತು ಕಟ್ಟಿ ಮುಗಿಸಿದಾಗ ಏಳು ಲಕ್ಷಕ್ಕೆ 9 ಲಕ್ಷ 61 ಸಾವಿರ ಕೊಟ್ಟಿರುತ್ತೇವೆ. ಕೈಯಿಂದ ಹಾಕಿದ್ದು ಸೇರಿ 11 ಲಕ್ಷ 11 ಸಾವಿರ. ನಾವು ಓಡಿಸುವುದು ಏಳು ವರ್ಷಕ್ಕೆ ಐವತ್ತೈದು ಸಾವಿರ ಕಿಲೋಮೀಟರು. ಪೆಟ್ರೋಲು ಹಾಕುವ ಮುಂಚೆಯೇ ಕಿಲೋಮೀಟರಿಗೆ ಇಪ್ಪತ್ತು ರೂಪಾಯಿ. ಮಗ ಹೇಳಿದ, ಏಳು ವರ್ಷ ಆದಮೇಲೆ ಮಾರಿದರೆ ಮೂರು ಲಕ್ಷ ಬರುತ್ತದೆ, ಅದನ್ನು ಕಳೆಯಬೇಕು ಅಂತ. ನ್ಯಾಯವೇ. ಕಳೆದರೂ ಹದಿನಾಲ್ಕು ಮುಕ್ಕಾಲು ಉಳಿಯುತ್ತದೆ.

ಆದರೆ ನನ್ನ ತಕರಾರು ಈ ಇಪ್ಪತ್ತು ಹದಿನೈದರ ಮೇಲಲ್ಲ. ಹೊಸದಕ್ಕೆ ಹೆಚ್ಚು ಬೀಳುವುದು ಸಹಜ. ತಕರಾರು ಇರುವುದು ತಿಂಗಳು ಅನ್ನುವ ಮಾತಿನ ಮೇಲೆ. ನಮ್ಮ ಮನೆಗೆ ದುಡ್ಡು ಯಾವಾಗ ಬರುತ್ತದೆ? ಶೇಂಗಾ ಕಿತ್ತ ಮೇಲೆ ಒಂದು ಸಲ, ಹುಣಸೆಗೆ ಒಂದು ಸಲ, ನಡುವೆ ಕುರಿ ಮಾರಿದರೆ ಒಂದಿಷ್ಟು. ಐದು ಎಕರೆಗೆ ಎಕರೆಗೆ ನಾಲ್ಕು ಕ್ವಿಂಟಲಿನಂತೆ ಇಪ್ಪತ್ತು ಕ್ವಿಂಟಲ್ ಹಿಡಿಯಿರಿ. ಅದು ಮಳೆ ಸರಿಯಾಗಿ ಬಂದ ವರ್ಷದ ಮಾತು. ಕ್ವಿಂಟಲಿಗೆ ಆರು ಸಾವಿರ ಸಿಕ್ಕಿತು ಅನ್ನಿ. ಒಂದು ಲಕ್ಷದ ಇಪ್ಪತ್ತು ಸಾವಿರ. ಇದರಲ್ಲಿ ಬಿತ್ತನೆ ಬೀಜ, ಗೊಬ್ಬರ, ಕಳೆ, ಕೀಳುವ ಕೂಲಿ ಎಲ್ಲಾ ಕಳೆಯಬೇಕು. ಕಾರಿನ ಕಂತು ವರ್ಷಕ್ಕೆ 1 ಲಕ್ಷ 37 ಸಾವಿರ. ಒಳ್ಳೆ ವರ್ಷದ ಶೇಂಗಾವನ್ನು ಕಾಯಿ ಉಳಿಸದೆ ಹಾಗೇ ಕೊಟ್ಟರೂ ಸಾಲುವುದಿಲ್ಲ. ಬರಗಾಲದ ವರ್ಷ ಬೀಜವೂ ವಾಪಸು ಬರುವುದಿಲ್ಲ, ಕಂತು ಮಾತ್ರ ಐದನೇ ತಾರೀಕಿಗೆ ಸರಿಯಾಗಿ ಬರುತ್ತದೆ. ಮುಂಗಾರಿಗೆ ಯಾವ ತಿಂಗಳು ಬರಬೇಕು ಅನ್ನುವುದು ಇನ್ನೂ ಗೊತ್ತಾಗಿಲ್ಲ, ಕಂತಿಗೆ ಚೆನ್ನಾಗಿ ಗೊತ್ತಿದೆ.

ಸರ್ಕಾರಿ ನೌಕರನಿಗೆ ಈ ಕಂತು ಸರಿ. ಅವನ ಸಂಬಳ ತಿಂಗಳಿಗೊಮ್ಮೆ. ಬೆಂಗಳೂರಿನಲ್ಲಿರುವ ನನ್ನ ದೊಡ್ಡ ಮಗನಿಗೂ ಸರಿ ಇರಬಹುದು. ಹಾಲು ಹಾಕುವ ನೀರಾವರಿ ಕಡೆಯ ರೈತನಿಗೆ ವಾರವಾರ ಬಟವಾಡೆ ಬರುತ್ತದೆ, ಅವನೂ ಹೇಗೋ ನಿಭಾಯಿಸಿಯಾನು. ಮಳೆ ನಂಬಿದವನಿಗೆ ಇದು ಹೊಂದುವುದಿಲ್ಲ.

ನಮ್ಮ ಬೀದಿಯಲ್ಲೇ ಒಬ್ಬರು 2022ರಲ್ಲಿ, ಒಳ್ಳೆ ಮಳೆಯ ವರ್ಷ, ಹೊಸ ಕಾರು ತಂದರು. ಮರುವರ್ಷವೇ ಬರ. ನಾಲ್ಕು ಕಂತು ನಿಂತಿತು. ಫೈನಾನ್ಸಿನವರು ಬೆಳಿಗ್ಗೆ ಆರಕ್ಕೆ ಬಂದು, ಅವರು ಮುಖ ತೊಳೆಯುತ್ತಿರುವಾಗಲೇ, ಗಾಡಿ ತಗೊಂಡು ಹೋದರು. ಬಿಡಿಸಿಕೊಂಡು ಬರಲು ರಸ್ತೆ ಬದಿಯ ಎರಡು ಎಕರೆ ಹೋಯಿತು. ಕಾರು ಇದೆ ಈಗ ಅವರ ಮನೆಯಲ್ಲಿ. ಅದರಲ್ಲಿ ಹೋಗಿ ನೋಡಲು ಆ ಜಮೀನು ಇಲ್ಲ.

ಟ್ರ್ಯಾಕ್ಟರ್ ಸಾಲಕ್ಕೆ ಬ್ಯಾಂಕುಗಳು ಬೆಳೆ ನೋಡಿ ಆರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಕಂತು ಇಡುತ್ತವೆ. ಅಂದರೆ ರೈತನ ದುಡ್ಡು ಯಾವಾಗ ಬರುತ್ತದೆ ಅನ್ನುವುದು ಬ್ಯಾಂಕಿನವರಿಗೆ ಗೊತ್ತು. ಕಾರು ಅಂದ ಕೂಡಲೇ ಅದನ್ನು ಮರೆತುಬಿಡುತ್ತಾರೆ. ಕಾರು ಕೊಳ್ಳುವ ರೈತ ಅವರ ಕಣ್ಣಿಗೆ ರೈತನಲ್ಲ, ಸಂಬಳದವನು. ಬಸ್ಸಿಲ್ಲದ ಊರಿನ ರೈತನಿಗೆ ಕಾರು ಐಷಾರಾಮ ಅಲ್ಲ. ಅವನಿಗೂ ಸುಗ್ಗಿಗೆ ಒಂದು ಕಂತು ಅಂತ ಇಟ್ಟರೆ ಕಂತು ತಪ್ಪುವುದೂ ಕಡಿಮೆಯಾದೀತು. ಸುಗ್ಗಿಯ ಕಂತಿಗೆ ಬಡ್ಡಿ ಸ್ವಲ್ಪ ಹೆಚ್ಚು ಬೀಳುತ್ತದೆ, ಬೀಳಲಿ. ರೈತ ಸಂಘಟನೆಗಳು ಇದನ್ನು ಕೇಳಬೇಕು. ಕಾರಿನ ವಿಷಯ ಕೇಳಿದರೆ ಜನ ನಗುತ್ತಾರೆ ಅಂತ ನಾಚಿಕೆ ಪಟ್ಟರೆ ಜಮೀನು ಹೋಗುತ್ತಲೇ ಇರುತ್ತದೆ.

ಇನ್ನು ಹಳೆ ಗಾಡಿ ಇಟ್ಟುಕೊಂಡವನ ಕಷ್ಟ. ಹದಿನೈದು ವರ್ಷ ಆದರೆ ಗುಜರಿಗೆ ಹಾಕಲೇಬೇಕು ಅಂತ ಊರಲ್ಲಿ ಸುದ್ದಿ ಇದೆ. ಅದು ದೆಹಲಿ ಕಡೆಯ ಮಾತು. ನಮ್ಮ ರಾಜ್ಯದಲ್ಲಿ ಸ್ವಂತ ಗಾಡಿ ಪರೀಕ್ಷೆ ಪಾಸಾದರೆ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಿಕೊಂಡು ಓಡಿಸಬಹುದು, ಹಸಿರು ತೆರಿಗೆ ಬೇರೆ ಕಟ್ಟಬೇಕು. 2018ರಲ್ಲಿ ನವೀಕರಣ ಶುಲ್ಕ 600 ಇತ್ತು. 2022ರ ಏಪ್ರಿಲ್‌ನಿಂದ 5,000 ಆಯಿತು, 2023ರಲ್ಲಿ ಅದನ್ನೇ ಕಟ್ಟಿದೆ. ಇಪ್ಪತ್ತು ವರ್ಷ ದಾಟಿದ ಕಾರಿಗೆ 2025ರ ಆಗಸ್ಟಿನಲ್ಲಿ 10,000 ಮಾಡಿದರು. 2028ಕ್ಕೆ ನನಗೆ ಅದು ಬರುತ್ತದೆ. ಹೊಗೆ ಬಿಡುವ ಗಾಡಿ ರಸ್ತೆಗೆ ಬರಬಾರದು, ಒಪ್ಪುತ್ತೇನೆ. ಹಾಗಾದರೆ ಹೊಗೆ ನೋಡಿ ಶುಲ್ಕ ಹಾಕಿ. ವರ್ಷಕ್ಕೆ ಮೂರು ಸಾವಿರ ಕಿಲೋಮೀಟರು ಓಡಿ ಪರೀಕ್ಷೆ ಪಾಸಾಗುವ ಗಾಡಿಗೂ, ದಿನಾ ನೂರು ಓಡಿ ಕಪ್ಪು ಹೊಗೆ ಉಗುಳುವ ಗಾಡಿಗೂ ವಯಸ್ಸೊಂದನ್ನೇ ನೋಡಿದರೆ ಹೇಗೆ?

ಪೆಟ್ರೋಲಿನದು ಇನ್ನೊಂದು. ಈಗ ಬರುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್. ಅದಕ್ಕೆ ಹೊಂದುವ ರಬ್ಬರು, ಪೈಪು ಹಾಕಿ ಗಾಡಿ ಮಾಡುವುದು 2023ರ ಏಪ್ರಿಲಿನಿಂದ ಈಚೆಗೆ. ನನ್ನದು ಅದಕ್ಕಿಂತ ಇಪ್ಪತ್ತು ವರ್ಷ ಹಳೆಯದು. ಲೀಟರಿಗೆ ಹದಿನೈದು ಕೊಡುತ್ತಿದ್ದದ್ದು ಈಗ ಹದಿನಾಲ್ಕು ಕೊಡುತ್ತಿದೆ. ಪೆಟ್ರೋಲ್ ಪೈಪು ಬಿರುಕು ಬಿಟ್ಟು ವಾಸನೆ ಬಂತು, ಬದಲಾಯಿಸಿದೆ. ಅದು ವಯಸ್ಸಿಗೋ ಎಥೆನಾಲಿಗೋ ಮೆಕ್ಯಾನಿಕ್ಕಿಗೂ ಹೇಳಲು ಬರಲಿಲ್ಲ. ಹಳೆ ಪೆಟ್ರೋಲ್ ಗಾಡಿ ಇರುವವರು ಪೈಪುಗಳನ್ನು ಒಂದು ಸಲ ಕೈಯಲ್ಲಿ ಒತ್ತಿ ನೋಡಿಸಿ. ಬೆಂಕಿಯ ವಿಷಯ ಅದು, ಓಮ್ನಿಯಲ್ಲಂತೂ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ತಮಾಷೆ ಏನೆಂದರೆ ಆ ಎಥೆನಾಲನ್ನು ಮೆಕ್ಕೆಜೋಳದಿಂದಲೂ ಮಾಡುತ್ತಾರೆ. ನನ್ನ ಗಾಡಿ ಟ್ಯಾಂಕಿಗೆ ನಾವೇ ಬೆಳೆದ ಜೋಳ ಬೀಳುತ್ತಿದೆ, ಆದರೂ 2025ರ ನವೆಂಬರಿನಲ್ಲಿ ಕ್ವಿಂಟಲಿಗೆ 2,400ರ ಬೆಂಬಲ ಬೆಲೆ ಕೂಡ ಸಿಗದೆ ಗದಗ, ಹಾವೇರಿ ಕಡೆ ರೈತರು ರಸ್ತೆಯಲ್ಲಿ ಕೂತರು.

ಮಗನ ಒಂದು ಮಾತಿಗೆ ಮಾತ್ರ ನನ್ನ ಹತ್ತಿರ ಸರಿಯಾದ ಉತ್ತರ ಇಲ್ಲ. "ಅಪ್ಪಾ, ಇದ್ರಾಗೆ ಗಾಳಿ ಚೀಲ ಇಲ್ಲ. ಮುಂದೆ ಮೂತಿನೇ ಇಲ್ಲ. ಎದುರಿಗೆ ಏನಾನ ಗುದ್ದಿದ್ರೆ ಮೊದ್ಲು ಸಿಗಾದು ನಮ್ಮ ಕಾಲು. ಅಣ್ಣನ ಮಕ್ಕಳನ್ನ ಇದ್ರಾಗೆ ಹೈವೇಗೆ ಕರ್ಕಂಡು ಹೋಗ್ತೀಯಲ್ಲ, ಅದಕ್ಕೆ ಎಷ್ಟು ಲೆಕ್ಕ ಹಾಕಿದ್ದಿ ಪುಸ್ತಕದಾಗೆ?" ಅಂದ. ನಿಜ. ಓಮ್ನಿ ನಿಂತದ್ದೇ ಹೊಸ ಸುರಕ್ಷತಾ ನಿಯಮಕ್ಕೆ ಅದನ್ನು ಹೊಂದಿಸಲು ಆಗದೆ. ನಾದಿನಿಯ ಕೈ ಮುರಿದ ಮೇಲೂ ನಾನು ಈ ಮಾತು ಕೇಳದ ಹಾಗೆ ಇದ್ದೆ. ಮಾರನೇ ದಿನದಿಂದ ಮಕ್ಕಳನ್ನು ಹೈವೇಗೆ ಕರೆದುಕೊಂಡು ಹೋಗುವುದು ಬಿಟ್ಟಿದ್ದೇನೆ. ಊರಿಂದ ಚಳ್ಳಕೆರೆವರೆಗೆ ಮಾತ್ರ, ನಲವತ್ತರ ಮೇಲೆ ಹೋಗದೆ, ಬೆಲ್ಟು ಹಾಕಿಕೊಂಡು. ಅಲ್ಲಿಂದ ಮುಂದೆ ಬಸ್ಸು.

ಹಾಗಾಗಿ ಹಳೆಯದನ್ನೇ ಸಾಯುವ ತನಕ ಇಟ್ಟುಕೋ ಅಂತ ನಾನು ಯಾರಿಗೂ ಹೇಳುವುದಿಲ್ಲ. ನಾನು ಮಗನ ಮುಂದೆ ಇಟ್ಟಿರುವುದು ಬೇರೆ. ಹೊಸದು ಬೇಡ, ಏಳೆಂಟು ವರ್ಷ ಓಡಿದ, ಗಾಳಿ ಚೀಲ ಇರುವ ಗಾಡಿ ನೋಡು. ಮೂರು ಲಕ್ಷದ ಒಳಗೆ. ಅರ್ಧ ಈ ಸಲದ ಹುಣಸೆ ಮತ್ತು ಕುರಿ, ಇನ್ನರ್ಧ ಮುಂದಿನ ಶೇಂಗಾ. ಒಂದು ವರ್ಷ ಕಾಯಬೇಕು. ಚಾಸಿ, ತಳದ ತಗಡು, ಟಯರಿನ ತಾರೀಕು, ವಿಮೆ ಕಾಗದ ನಾನು ನೋಡುತ್ತೇನೆ, ಬಣ್ಣ ನೀನು ನೋಡು. ಓಮ್ನಿ ಚೀಲಕ್ಕೆ, ಕುರಿಮರಿಗೆ 2028ರವರೆಗೆ ಇರಲಿ. ಒಬ್ಬರು 45,000ಕ್ಕೆ ಕೇಳಿದ್ದಾರೆ, ಕೊಟ್ಟರೆ ಅದರಲ್ಲಿ ಚೀಲ ಹೊರಲು ಬೇರೇನೂ ಬರುವುದಿಲ್ಲ.

ಅವನು ಇನ್ನೂ ಒಪ್ಪಿಲ್ಲ. "ಒಂದು ವರ್ಷ ನಿನ್ನ ಲೆಕ್ಕದಾಗೆ ಒಂದು ಸಾಲು ಅಪ್ಪಾ, ನನಗೆ ಮೂವತ್ತೆರಡು ಆಗ್ತೈತೆ" ಅಂದ. ನಮ್ಮ ಮನೆಯವಳು ಅವನ ಕಡೆಗಿದ್ದಾಳೆ. ಕಾರಿಗೆ ಸಾಲ ಮಾಡಿದ ಒಣಭೂಮಿ ರೈತರು ಯಾರಾದರೂ ನೆಮ್ಮದಿಯಾಗಿ ತೀರಿಸಿದ್ದರೆ, ಹೇಗೆ ತೀರಿಸಿದಿರಿ ಅಂತ ಇದೇ ಪತ್ರಿಕೆಗೆ ಬರೆಯಿರಿ. ನನ್ನ ಲೆಕ್ಕ ತಪ್ಪಿದ್ದರೆ ತಿದ್ದಿಕೊಳ್ಳುತ್ತೇನೆ.

ಬರುವ ಭಾನುವಾರ ಹಿರಿಯೂರು ಕಡೆ ಒಂದು ಹೆಣ್ಣು ನೋಡಲು ಹೋಗುವುದಿದೆ. ದೊಡ್ಡ ಮಗ ಬೆಂಗಳೂರಿನಿಂದ ತನ್ನ ಕಾರು ತರುತ್ತೇನೆ ಅಂದಿದ್ದಾನೆ. ಚಿಕ್ಕವನು ಬೇಡ ಅಂದ. "ಅಣ್ಣನ ಕಾರು ತೋರಿಸಿ ಆಮ್ಯಾಲೆ ಓಮ್ನಿಯಾಗೆ ಮನೆ ತುಂಬಿಸ್ಕಳಾದಾ? ನಮ್ದೇ ತಗಂಡು ಹೋಗಾನ" ಅಂತ ನಿನ್ನೆ ಸಂಜೆ ಅವನೇ ಗಾಡಿ ತೊಳೆಯುತ್ತಿದ್ದ. ಹೈವೇ ಬಿಟ್ಟು ಒಳದಾರಿಯಲ್ಲಿ ಹೋಗೋಣ ಅಂತ ಹೇಳಿದ್ದೇನೆ.